ದನಿ ಕಿತ್ತ ಮೇಲೆ ಉಳಿಯುವುದು

ಕಿವಿ ಕೇಳದವರಿಗಾಗಿ ಉಪಶೀರ್ಷಿಕೆ ಬರೆಯುವಾಗ ಮಾತಿನ ಜೊತೆಗೆ ಸದ್ದನ್ನೂ ಬರೆಯಬೇಕು. ಬಾಗಿಲು ಕಿರುಗುಟ್ಟಿದ್ದು, ದೂರದಲ್ಲೆಲ್ಲೋ ನಾಯಿ ಬೊಗಳಿದ್ದು, ಹಿನ್ನೆಲೆ ಸಂಗೀತ ಎಂಥದ್ದು ಎನ್ನುವುದು, ಎಲ್ಲವೂ ಆವರಣದೊಳಗೆ ಬರಬೇಕು. ದೊಡ್ಡ ಬಜೆಟ್ಟಿನ ಚಿತ್ರ ಕೈಗೆ ಬಂದರೆ ನನಗೆ ಈ ಕೆಲಸ ಬಲು ಸುಲಭ. 'ಉದ್ವೇಗದ ಸಂಗೀತ', 'ದುಃಖದ ಸಂಗೀತ', 'ಸಂಗೀತ ತಾರಕಕ್ಕೇರುತ್ತದೆ': ಈ ಮೂರನ್ನು ಕಾಪಿ ಮಾಡಿಟ್ಟುಕೊಂಡರೆ ಅರ್ಧ ಸಿನಿಮಾ ಮುಗಿದಂತೆ. ತಾಯಿಯ ಹೆಣದ ಮುಂದೆ ನಿಂತ ಮಗ ಇನ್ನೂ ಬಾಯಿ ತೆರೆದಿರುವುದಿಲ್ಲ, ಅಷ್ಟರಲ್ಲಿ ಪಿಟೀಲುಗಳು ಅತ್ತು ಮುಗಿಸಿರುತ್ತವೆ.

ಇದಕ್ಕೆ ಸಂಗೀತ ನಿರ್ದೇಶಕರ ಅತ್ಯುತ್ಸಾಹವನ್ನು ಬೈದುಬಿಡುವುದು ವಾಡಿಕೆ. ನನ್ನ ಪ್ರಕಾರ ಕಾರಣ ಬೇರೆಡೆ ಇದೆ, ಮತ್ತು ಅದು ನನ್ನಂಥವರಿಗೆ ಅನ್ನ ಹಾಕುವ ವ್ಯವಹಾರದ ಒಳಗೇ ಇದೆ.

ಚಿತ್ರದ ಧ್ವನಿಯನ್ನು ಕೊನೆಗೆ ಮಿಶ್ರಣ ಮಾಡುವಾಗ ಮಾತು, ಸಂಗೀತ, ಇತರ ಸದ್ದುಗಳನ್ನು ಬೇರೆ ಬೇರೆ ಟ್ರ್ಯಾಕುಗಳಲ್ಲಿ ಇಟ್ಟುಕೊಳ್ಳುತ್ತಾರೆ. ಇನ್ನೊಂದು ಭಾಷೆಗೆ ಡಬ್ ಮಾಡಬೇಕಾದಾಗ ಮಾತಿನ ಟ್ರ್ಯಾಕನ್ನು ಕಿತ್ತು, ಉಳಿದದ್ದನ್ನು ಕಳಿಸಿಕೊಡುತ್ತಾರೆ. ಉದ್ಯಮದಲ್ಲಿ ಇದಕ್ಕೆ 'ಎಂ ಅಂಡ್ ಇ' ಎನ್ನುತ್ತಾರೆ, ಅಂದರೆ ಮ್ಯೂಸಿಕ್ ಮತ್ತು ಎಫೆಕ್ಟ್ಸ್. ಐದು ಭಾಷೆಯಲ್ಲಿ ಒಟ್ಟಿಗೆ ಬಿಡುಗಡೆ ಮಾಡಲು ಹೊರಟ ನಿರ್ಮಾಪಕನಿಗೆ ಐದು ಕಡೆಗೂ ಹಾಗೆಹಾಗೇ ತಲುಪುವುದು ಇದೊಂದೇ. ನಟನ ಗಂಟಲು ಕಟ್ಟಿದ್ದು, ಮಾತಿನ ನಡುವೆ ಉಸಿರು ತಡೆದದ್ದು ಕನ್ನಡದಲ್ಲೇ ಉಳಿದುಬಿಡುತ್ತದೆ. ಹಾಗಿದ್ದ ಮೇಲೆ ಭಾವನೆಯನ್ನೆಲ್ಲ ಸಂಗೀತದ ಟ್ರ್ಯಾಕಿನಲ್ಲೇ ತುಂಬಿ ಕಳಿಸುವುದು ವ್ಯಾಪಾರದ ದೃಷ್ಟಿಯಿಂದ ಜಾಣತನವೇ. ಪೆಟ್ಟು ಬೀಳುವುದು ದನಿಯ ಮೇಲೆ.

ಹಾಗೆಂದು ಹಿಂದೆ ಎಲ್ಲ ಸರಿಯಿತ್ತು ಎಂದೇನೂ ಅಲ್ಲ. ಪರಭಾಷೆಯ ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಹಟ ಹಿಡಿದ ನಾಡು ನಮ್ಮದು. ಅದೇ ಕಾಲದಲ್ಲಿ ಕನ್ನಡ ಚಿತ್ರಗಳು ಕನ್ನಡಕ್ಕೇ ಡಬ್ ಆಗುತ್ತಿದ್ದವು! ಕ್ಯಾಮೆರಾದ ಗದ್ದಲದಿಂದಾಗಿ ಚಿತ್ರೀಕರಣದ ಸ್ಥಳದಲ್ಲಿ ಹಿಡಿದ ದನಿ ಕೆಲಸಕ್ಕೆ ಬರುತ್ತಿರಲಿಲ್ಲ. ಆಮೇಲೆ ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತು, ತುಟಿಗೆ ಹೊಂದಿಸಿ ಮಾತು ಹೇಳಬೇಕಿತ್ತು. ಎಷ್ಟೋ ನಾಯಕಿಯರಿಗೆ ಬೇರೆಯವರೇ ದನಿ ಕೊಟ್ಟರು. ಗದ್ದೆಯಲ್ಲಿ ಕೂಗಿದವಳ ದನಿಯೂ ಅಡುಗೆಮನೆಯಲ್ಲಿ ಪಿಸುಗುಟ್ಟಿದವಳ ದನಿಯೂ ಒಂದೇ ಮುಚ್ಚಿದ ಕೋಣೆಯಿಂದ ಬಂದಂತೆ ಕೇಳುತ್ತಿದ್ದುದು ಅದಕ್ಕೇ.

'ತಿಥಿ' ನೋಡಿದಾಗ ಅನೇಕರಿಗೆ ಆದ ಅಚ್ಚರಿಯ ಮೂಲ ಇದೇ ಇರಬೇಕು. ರಾಮ್ ರೆಡ್ಡಿ ನಿರ್ದೇಶಿಸಿದ, 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದು ಮರುವರ್ಷ ಇಲ್ಲಿ ತೆರೆಕಂಡ ಚಿತ್ರ. ಧ್ವನಿವಿನ್ಯಾಸ ನಿತಿನ್ ಲೂಕೋಸ್ ಅವರದು. ಮಂಡ್ಯ ಕಡೆಯ ಹಳ್ಳಿಯ ಜನರೇ ಪಾತ್ರಧಾರಿಗಳು, ಮಾತನ್ನು ಆಡಿದ ಜಾಗದಲ್ಲೇ ಹಿಡಿದದ್ದು, ಹಿನ್ನೆಲೆ ಸಂಗೀತವೇ ಇಲ್ಲ. ಹಕಾರ ಬಿಟ್ಟು 'ಓಯ್ತೀನಿ' ಅನ್ನುವ ಕನ್ನಡವನ್ನು ನಮ್ಮ ಸಿನಿಮಾಗಳು ಹಾಸ್ಯನಟನ ಬಾಯಿಗೆ ಮೀಸಲಿಟ್ಟಿದ್ದವು. ಇಲ್ಲಿ ಅದು ದುಃಖಕ್ಕೂ ದುರಾಸೆಗೂ ಜಗಳಕ್ಕೂ ಸಲ್ಲುವ ಭಾಷೆ. ಕುರಿಗಾಹಿಗಳ ಎದುರು ಕೂತು ಗಡ್ಡಪ್ಪ ತನ್ನ ಹಳೆಯ ಸಂಸಾರದ ಕಥೆ ಹೇಳುವ ದೃಶ್ಯವನ್ನು ನೆನಪಿಸಿಕೊಳ್ಳಿ. ಸಂತೆಗೆ ಹೋಗಿಬಂದ ಸುದ್ದಿ ಹೇಳುವಷ್ಟು ಸಪ್ಪೆಯಾಗಿ ಅವನು ಹೇಳುತ್ತಾನೆ. ಅಡಿಯಲ್ಲಿ ಒಂದೇ ಒಂದು ಕೊಳಲು ಸೇರಿಸಿದ್ದರೂ ಅವನು 'ಪಾಪದ ಮುದುಕ' ಆಗಿಬಿಡುತ್ತಿದ್ದ. ಕೊಳಲಿಲ್ಲದ್ದರಿಂದ ಅವನನ್ನು ಏನೆಂದು ತಿಳಿಯಬೇಕೋ ನಮಗೆ ತೋಚುವುದಿಲ್ಲ.

ಇಂಥ ಚಿತ್ರವನ್ನು ಡಬ್ ಮಾಡಲು ಹೊರಟರೆ ಏನಾಗುತ್ತದೆ? ಸ್ಥಳದಲ್ಲಿ ಹಿಡಿದ ಮಾತಿಗೆ ಚಪ್ಪಲಿಯ ಸದ್ದು, ಗಾಳಿ, ಪಂಚೆಯ ಸರಬರ ಅಂಟಿಕೊಂಡೇ ಬಂದಿರುತ್ತವೆ. ಮಾತನ್ನು ಕಿತ್ತರೆ ಅವೂ ಹೋಗುತ್ತವೆ. ಒಂದೊಂದನ್ನೂ ಸ್ಟುಡಿಯೋದಲ್ಲಿ ಹೊಸದಾಗಿ ಹುಟ್ಟಿಸಬೇಕು. ಅದಕ್ಕೆ ಸಮಯ ಬೇಕು, ದುಡ್ಡು ಬೇಕು. ಖಾಲಿಯಾದ ಜಾಗವನ್ನು ಸಂಗೀತದಿಂದ ಮುಚ್ಚುವುದು ಅಗ್ಗದ ದಾರಿ.

ಸಂಗೀತವೇ ಬೇಡ ಎನ್ನುವ ಮಡಿವಂತಿಕೆ ನನಗಿಲ್ಲ. ಬಿ.ವಿ. ಕಾರಂತರ 'ಚೋಮನ ದುಡಿ'ಯಲ್ಲಿ (1975) ದುಡಿ ಚೋಮನ ಮನೆಯಲ್ಲೇ ಇರುವ ವಸ್ತು. ಧಣಿಯ ಮುಂದೆ ಆಡಲಾಗದ ಮಾತನ್ನು ಅವನು ಅದರ ಮೇಲೆ ಬಡಿಯುತ್ತಾನೆ. ಅದು ಹಿನ್ನೆಲೆ ಸಂಗೀತವೋ ಪಾತ್ರದ ಮಾತೋ ಎಂದು ಬೇರ್ಪಡಿಸಿ ಟ್ರ್ಯಾಕಿಗೆ ಹಾಕಲು ಬಂದೀತೇ?

'ಕಾಂತಾರ' ಇದೆಯಲ್ಲ ಎಂದು ನೀವು ಕೇಳಬಹುದು, ಕೇಳಲೇಬೇಕು. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಬಂದ ಚಿತ್ರ ಎರಡು ವಾರಕ್ಕೆ ಹಿಂದಿಯಲ್ಲಿ ಬಂತು, ದೇಶವೇ ನೋಡಿತು. ಅಜನೀಶ್ ಲೋಕನಾಥ್ ಅವರ ಸಂಗೀತಕ್ಕೆ ಅದರಲ್ಲಿ ದೊಡ್ಡ ಪಾಲಿದೆ. ಆದರೆ ಜನ ಚಿತ್ರಮಂದಿರದಿಂದ ಹೊರಗೆ ಹೊತ್ತು ತಂದದ್ದು ದೈವದ ಕೂಗನ್ನು. ಅದು ಪದವಲ್ಲವಾದ್ದರಿಂದ ಅನುವಾದದ ಹಂಗಿಲ್ಲದೆ ದಾಟಿತು. ಮನುಷ್ಯನ ಗಂಟಲಿನಿಂದ, ಭೂತಾರಾಧನೆಯ ಅಂಗಳದಿಂದ ಬಂದ ದನಿ ಅದು. ಅದರ ಗೆಲುವಿನಿಂದ ಉಳಿದವರು ಕಲಿತ ಪಾಠ ಮಾತ್ರ ವಾಲ್ಯೂಮು ಏರಿಸುವುದು.

ನಾನಿರುವುದು ಟಿಟ್ವಾಳಾದಲ್ಲಿ. ಇಲ್ಲಿ ಕನ್ನಡ ಸಿನಿಮಾ ಎಂದರೆ ಟೀವಿಯಲ್ಲಿ ಬರುವ ಹಿಂದಿ ಡಬ್ಬಿಂಗ್. ಪಕ್ಕದ ಮನೆಯ ಕಾಕೂ ಅವನ್ನು ಬಿಡದೆ ನೋಡುತ್ತಾರೆ. "ನಿಮ್ಮ ಕಡೆಯ ಪಿಕ್ಚರಿನಲ್ಲಿ ಎಲ್ಲರೂ ಕೂಗಾಡುತ್ತಲೇ ಇರುತ್ತಾರಲ್ಲ" ಎಂದು ಒಮ್ಮೆ ಮರಾಠಿಯಲ್ಲಿ ಕೇಳಿದರು. ಅವರಿಗೆ ಮೌನದ ರುಚಿ ಇಲ್ಲವೆಂದಲ್ಲ. 'ಸೈರಾಟ್' (2016) ಅವರಿಗೆ ಪ್ರಾಣ. ಅಜಯ್-ಅತುಲ್ ಅದಕ್ಕೆ ಅಮೆರಿಕಕ್ಕೆ ಹೋಗಿ ಸಿಂಫನಿ ವಾದ್ಯವೃಂದ ಕೂಡಿಸಿ ಸಂಗೀತ ಮಾಡಿದರು, ಥಿಯೇಟರುಗಳಲ್ಲಿ ಜನ ಎದ್ದು ಕುಣಿದರು. ಅಷ್ಟು ಸಂಗೀತದ ಚಿತ್ರದ ಕೊನೆಯಲ್ಲಿ ಮಗು ನೆತ್ತರ ಹೆಜ್ಜೆಯಿಟ್ಟು ಅಳುತ್ತ ಹೊರಗೆ ಬರುವಾಗ ನಾಗರಾಜ್ ಮಂಜುಳೆ ಅಳುವನ್ನೂ ಕೇಳಿಸುವುದಿಲ್ಲ, ಪೂರ್ತಿ ಸದ್ದಡಗಿಸುತ್ತಾರೆ. (ಇಷ್ಟು ವರ್ಷವಾದ ಮೇಲೆ ಅಂತ್ಯ ಹೇಳಿದ್ದಕ್ಕೆ ಯಾರೂ ಬೈಯಲಾರರು.) ಆ ಮೌನವನ್ನು ಕುಣಿದ ಜನವೇ ಕೂತು ಕೇಳಿದರು. ಸಾಮಾನ್ಯ ಪ್ರೇಕ್ಷಕನಿಗೆ ಸಂಗೀತದ ಊರುಗೋಲು ಬೇಕು ಎಂಬ ವಾದ ನನಗೆ ಒಪ್ಪಿಗೆಯಾಗದಿರುವುದು ಇದರಿಂದಲೇ.

ಉಪಶೀರ್ಷಿಕೆಯೇನು ಮಹಾ ಪರಿಪೂರ್ಣವೇ? ಎರಡು ಸಾಲು, ಸಾಲಿಗೆ ನಲವತ್ತು ಚಿಲ್ಲರೆ ಅಕ್ಷರ. 'ಓಯ್ತೀನಿ'ಗೂ 'ಹೋಗುತ್ತೇನೆ'ಗೂ ನಾನು ಒಂದೇ ಇಂಗ್ಲಿಷ್ ಪದ ಬರೆಯುತ್ತೇನೆ, ಪ್ರತಿ ಸಲವೂ ಕೈ ತಡೆಯುತ್ತದೆ. ಆದರೆ ಉಪಶೀರ್ಷಿಕೆ ದನಿಯನ್ನು ಮುಟ್ಟುವುದಿಲ್ಲ. ಓದುವವರ ಕಿವಿಗೆ ಗಡ್ಡಪ್ಪನ ಸಪ್ಪೆ ದನಿಯೇ ಬೀಳುತ್ತದೆ.

ಡಬ್ಬಿಂಗ್ ನಿಲ್ಲಲಿ ಎಂದು ಕೇಳುವ ಕಾಲ ಮುಗಿಯಿತು, ಕೇಳಬೇಕೆಂದು ನನಗೂ ಇಲ್ಲ. ಕೇಳುವುದು ಎರಡೇ. ಬಜೆಟ್ಟಿನಲ್ಲಿ ಸ್ಥಳದ ಧ್ವನಿಗೆ ಹಣ ಮೊದಲೇ ತೆಗೆದಿಡಿ, ಸಂಗೀತಕ್ಕೆ ಕೊಟ್ಟು ಮಿಕ್ಕಿದ್ದನ್ನಲ್ಲ. ಮತ್ತೆ ಹಿಂದಿ ಆವೃತ್ತಿ ಓಡುವ ಕಡೆ ದಿನಕ್ಕೊಂದು ಆಟ ಕನ್ನಡದ್ದೇ ಇರಲಿ, ಉಪಶೀರ್ಷಿಕೆಯೊಂದಿಗೆ. ಕಲ್ಯಾಣದಲ್ಲಿ ಹಾಕಿದರೂ ಸಾಕು. ಇಲ್ಲಿಂದ ಮೂರನೆಯ ಸ್ಟೇಷನ್ನು, ಕಾಕೂನ ನಾನೇ ಕರೆದುಕೊಂಡು ಬರುತ್ತೇನೆ.