ಕೈಗುಣ ಅಲ್ಲ ಸ್ವಾಮಿ, ಟೈಮಿಂಗ್!

ನಮ್ಮ ಗದಗಿನ ಕಡೆ ಯಾವುದೇ ಯಂತ್ರ ರಿಪೇರಿಯಾಗಿ ಚೆನ್ನಾಗಿ ಓಡಿತು ಅಂದರೆ ಜನ ಹೇಳೋದು ಒಂದೇ ಮಾತು: "ಆ ಮಿಸ್ತ್ರಿ ಕೈಗುಣ ಚೊಲೋ ಐತ್ರಿ." ಮುಂಡರಗಿಯ ಡೀಸೆಲ್ ಪಂಪ್‌ಸೆಟ್ ಇರಲಿ, ಬೆಟಗೇರಿಯ ಪವರ್‌ಲೂಮ್ ಇರಲಿ, ಗದಗಿನ ಪ್ರಿಂಟಿಂಗ್ ಪ್ರೆಸ್ ಇರಲಿ, ಹೊಗಳಿಕೆ ಅದೇ. ಕೇಳೋಕೆ ಚೆನ್ನಾಗೇ ಇದೆ. ಆದರೂ ನನಗೆ ಈ ಮಾತಿನ ಮೇಲೆ ಒಂದು ತಕರಾರಿದೆ. ಕೈಗುಣ ಅಂದ ತಕ್ಷಣ ಮಾತು ಅಲ್ಲಿಗೆ ಮುಗೀತು. ಅದನ್ನು ಕೇಳಿ ಕಲಿಯೋಕಾಗಲ್ಲ, ಬರೆದಿಡೋಕಾಗಲ್ಲ. ಮಿಸ್ತ್ರಿ ಜೊತೆ ಬಂದದ್ದು ಮಿಸ್ತ್ರಿ ಜೊತೆಗೇ ಹೋಗುತ್ತೆ.

ತಕರಾರನ್ನು ಸುಮ್ಮನೆ ಗಾಳಿಯಲ್ಲಿ ಹೇಳಿದರೆ ನೀವು ನಂಬಲ್ಲ. ಅದಕ್ಕೆ "ಇದಂತೂ ಪೂರ್ತಿ ಕೈಗುಣ" ಅಂತ ಎಲ್ಲರೂ ಒಪ್ಪಿಕೊಂಡಿರೋ ಒಂದು ಕೆಲಸವನ್ನೇ ತಗೊಳ್ತೀನಿ. ಅದು ಸ್ಟೀಮ್ ಎಂಜಿನ್ನಿನ ವಾಲ್ವ್ ಟೈಮಿಂಗ್. ಅದೂ ಅಂಗೈ ಮೇಲೆ ಕೂರುವ ಮಾಡೆಲ್ ಎಂಜಿನ್ನಿನಲ್ಲಿ.

ಸ್ಟೀಮ್ ಎಂಜಿನ್ನೇ ಯಾಕೆ? ಗದಗ ಜಂಕ್ಷನ್ ನೋಡಿದವರು ಈ ಪ್ರಶ್ನೆ ಕೇಳಲ್ಲ. ಮೀಟರ್ ಗೇಜ್ ಕಾಲದಲ್ಲಿ ಹುಬ್ಬಳ್ಳಿ, ಗುಂತಕಲ್, ಸೊಲ್ಲಾಪುರ ಮೂರೂ ದಿಕ್ಕಿನ ಹೊಗೆ ಅಲ್ಲಿ ಕೂಡುತ್ತಿತ್ತು. ವೈಪಿ, ವೈಜಿ ಅನ್ನೋ ಎಂಜಿನ್ನುಗಳ ಹೆಸರು ನಮ್ಮ ಅಜ್ಜಂದಿರ ಬಾಯಲ್ಲಿ ಎತ್ತಿನ ಹೆಸರಿನಷ್ಟೇ ಸಲೀಸು. ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ 1885ರಲ್ಲಿ ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪ್ ಶುರುವಾಯಿತು. ಅಲ್ಲಿನ ಫಿಟ್ಟರುಗಳಿಗೆ ವಾಲ್ವ್ ಸೆಟ್ ಮಾಡೋದು ದಿನನಿತ್ಯದ ಕೆಲಸ. ಚಿತ್ತರಂಜನ್ ಕಾರ್ಖಾನೆ ತನ್ನ ಕೊನೇ ಸ್ಟೀಮ್ ಎಂಜಿನ್ ಮಾಡಿದ್ದು 1972ರಲ್ಲಿ. ತೊಂಬತ್ತರ ದಶಕ ಮುಗಿಯೋ ಹೊತ್ತಿಗೆ ಮುಖ್ಯ ಮಾರ್ಗಗಳಿಂದ ಸ್ಟೀಮ್ ಹೋಯಿತು. ಅಂದರೆ ಆ ಕೆಲಸ ಕೈಯಾರೆ ಮಾಡಿದವರು ಇವತ್ತು ಪಿಂಚಣಿ ತಗೊಳ್ಳೋ ಹಿರಿಯರು. ಅವರಿಗೆ ಗೊತ್ತಿದ್ದದ್ದನ್ನು ನಾವು "ಕೈಗುಣ" ಅಂತ ಕೈಮುಗಿದು ಕಳಿಸಿಬಿಟ್ಟೆವು.

ಈಗ ಎಂಜಿನ್ನಿಗೆ ಬರೋಣ. ಒಂದು ಸಿಲಿಂಡರ್, ಒಳಗೆ ಪಿಸ್ಟನ್. ಉಗಿ ಒಮ್ಮೆ ಈ ತುದಿಯಿಂದ ಒಳಗೆ ಹೋಗಬೇಕು, ಒಮ್ಮೆ ಆ ತುದಿಯಿಂದ. ಇದನ್ನು ನೋಡಿಕೊಳ್ಳೋದು ಸಿಲಿಂಡರಿನ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿರುವ ಸ್ಲೈಡ್ ವಾಲ್ವ್. ಬೋರಲು ಹಾಕಿದ ಬಟ್ಟಲಿನ ಹಾಗಿರುತ್ತೆ. ಅದರ ಕೆಳಗೆ ಮೂರು ಕಿಂಡಿ. ಅಕ್ಕಪಕ್ಕದ ಎರಡು ಸಿಲಿಂಡರಿನ ಎರಡು ತುದಿಗೆ ಹೋಗುತ್ತವೆ, ನಡುವಿನದು ಉಗಿ ಹೊರಗೆ ಹೋಗೋಕೆ. ಬಟ್ಟಲು ಒಂದು ಕಡೆ ಸರಿದರೆ ಒಂದು ಕಿಂಡಿ ತೆರೆದು ಹೊಸ ಉಗಿ ನುಗ್ಗುತ್ತೆ. ಅದೇ ಹೊತ್ತಿಗೆ ಇನ್ನೊಂದು ತುದಿಯ ಹಳೇ ಉಗಿ ಬಟ್ಟಲಿನ ಅಡಿಯಿಂದ ನಡುಕಿಂಡಿಗೆ ಜಾರುತ್ತೆ. ಬಟ್ಟಲನ್ನು ಆಡಿಸೋದು ಎಕ್ಸೆಂಟ್ರಿಕ್, ಅಂದರೆ ಕ್ರ್ಯಾಂಕ್ ಶಾಫ್ಟಿನ ಮೇಲೆ ನಡುಬಿಟ್ಟು ಕೂರಿಸಿದ ಒಂದು ಬಿಲ್ಲೆ.

ಮಾಡೆಲ್ಲಿನಲ್ಲಿ ನೀವು ಬದಲಾಯಿಸಬಹುದಾದದ್ದು ಎರಡೇ. ಒಂದು, ವಾಲ್ವ್ ತನ್ನ ರಾಡಿನ ಮೇಲೆ ಎಲ್ಲಿ ಕೂತಿದೆ ಅನ್ನೋದು. ಇದನ್ನು ನಟ್ ತಿರುಗಿಸಿ ಸರಿಸ್ತೀವಿ. ಇನ್ನೊಂದು, ಎಕ್ಸೆಂಟ್ರಿಕ್ ಶಾಫ್ಟಿನ ಮೇಲೆ ಯಾವ ಕೋನದಲ್ಲಿದೆ ಅನ್ನೋದು. ಇದನ್ನು ಗ್ರಬ್ ಸ್ಕ್ರೂ ಸಡಿಲಿಸಿ ತಿರುಗಿಸ್ತೀವಿ. ಒಂದು ಉದ್ದದ ಲೆಕ್ಕ, ಒಂದು ಕೋನದ ಲೆಕ್ಕ. ಕೈಗುಣದ ಗುಟ್ಟೆಲ್ಲ ಇರೋದು ಇವೆರಡರಲ್ಲಿ ಮೊದಲು ಯಾವುದು ಅನ್ನೋದರಲ್ಲಿ.

ಮೊದಲು ಉದ್ದ. ಯಾಕೆ ಅಂದರೆ, ಕೋನ ಎಷ್ಟೇ ತಪ್ಪಿದ್ದರೂ ವಾಲ್ವ್ ಹೋಗಿಬರುವ ಎರಡು ಕೊನೆಗಳು ಬದಲಾಗಲ್ಲ! ಎಕ್ಸೆಂಟ್ರಿಕ್ ಹೇಗೇ ಕೂತಿರಲಿ, ಒಂದು ಸುತ್ತಿನಲ್ಲಿ ಅದು ವಾಲ್ವನ್ನು ಅಷ್ಟೇ ದೂರ ಎಳೆಯುತ್ತೆ, ಅಷ್ಟೇ ದೂರ ತಳ್ಳುತ್ತೆ. ಆದ್ದರಿಂದ ಪೆಟ್ಟಿಗೆಯ ಮುಚ್ಚಳ ತೆಗೆದು, ಫ್ಲೈವ್ಹೀಲನ್ನು ಕೈಯಿಂದ ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಿ. ಎರಡು ಕಿಂಡಿಗಳೂ ಸಮಸಮ ತೆರೆಯುತ್ತಾ ನೋಡಿ. ಒಂದು ಜಾಸ್ತಿ ಒಂದು ಕಮ್ಮಿ ಆದರೆ, ವ್ಯತ್ಯಾಸದ ಅರ್ಧದಷ್ಟು ವಾಲ್ವನ್ನು ನಟ್‌ನಿಂದ ಸರಿಸಿ. ಪೂರ್ತಿ ಸರಿಸಿದರೆ ತಪ್ಪು ಆ ಕಡೆಯಿಂದ ಈ ಕಡೆಗೆ ಬರುತ್ತೆ ಅಷ್ಟೇ.

ಆಮೇಲೆ ಕೋನ. ಕ್ರ್ಯಾಂಕನ್ನು ಡೆಡ್ ಸೆಂಟರಿಗೆ, ಅಂದರೆ ಪಿಸ್ಟನ್ ತುದಿ ಮುಟ್ಟಿ ನಿಂತ ಜಾಗಕ್ಕೆ ತನ್ನಿ. ಎಂಜಿನ್ ಓಡಬೇಕಾದ ದಿಕ್ಕಿನಲ್ಲಿ ಎಕ್ಸೆಂಟ್ರಿಕ್ ತಿರುಗಿಸುತ್ತಾ ಹೋಗಿ. ಆ ತುದಿಯ ಕಿಂಡಿ ಕಾಗದದ ಎಳೆಯಷ್ಟು ಬಾಯಿ ಬಿಟ್ಟ ಕ್ಷಣ ನಿಲ್ಲಿಸಿ ಸ್ಕ್ರೂ ಬಿಗಿ ಮಾಡಿ. ಆಗ ಎಕ್ಸೆಂಟ್ರಿಕ್ ಕ್ರ್ಯಾಂಕಿಗಿಂತ 90 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮುಂದಿರುತ್ತೆ. ಇನ್ನೊಂದು ಡೆಡ್ ಸೆಂಟರಿಗೆ ತಿರುಗಿಸಿದರೆ ಅಲ್ಲೂ ಅಷ್ಟೇ ಎಳೆ ಕಾಣಬೇಕು. ಕಂಡರೆ ಮುಗೀತು.

ಇಲ್ಲಿ ಒಂದು ಮೋಸ ಇದೆ. ಡೆಡ್ ಸೆಂಟರನ್ನು ಕಣ್ಣಳತೆಯಲ್ಲಿ ಹಿಡಿಯೋಕಾಗಲ್ಲ. ಮುಕ್ಕಾಲು ಇಂಚು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ತುದಿಯಿಂದ 5 ಡಿಗ್ರಿ ತಿರುಗಿದರೆ ಪಿಸ್ಟನ್ ಸರಿಯೋದು ಸುಮಾರು 0.05 ಮಿಲಿಮೀಟರ್, ಕಾಗದದ ಹಾಳೆಗಿಂತ ಕಮ್ಮಿ. ಅದೇ 5 ಡಿಗ್ರಿಗೆ ವಾಲ್ವ್ ಅದರ ನಾಲ್ಕು ಪಟ್ಟು ಓಡಿಬಿಟ್ಟಿರುತ್ತೆ (ಎಕ್ಸೆಂಟ್ರಿಕ್ ಎರಡೂವರೆ ಮಿಲಿಮೀಟರ್ ನಡುಬಿಟ್ಟಿದೆ ಅಂದುಕೊಂಡು ಲೆಕ್ಕ ಹಾಕಿ ನೋಡಿ). ಪಿಸ್ಟನ್ ನಿಂತ ಹಾಗೆ ಕಾಣೋ ಹೊತ್ತಿನಲ್ಲೇ ವಾಲ್ವ್ ಅತಿ ಜೋರಾಗಿ ಓಡೋದು! ಇದಕ್ಕೆ ಉಪಾಯ ಸುಲಭ. ಪಿಸ್ಟನ್ ರಾಡಿನ ಮೇಲೆ ತುದಿಗಿಂತ ಸ್ವಲ್ಪ ಮೊದಲು ಒಂದು ಗೆರೆ ಹಾಕಿ. ಹೋಗುವಾಗ ಗೆರೆ ಮುಟ್ಟಿದಲ್ಲಿ ಫ್ಲೈವ್ಹೀಲಿನ ಮೇಲೆ ಒಂದು ಗುರುತು, ಬರುವಾಗ ಅದೇ ಗೆರೆ ಮುಟ್ಟಿದಲ್ಲಿ ಇನ್ನೊಂದು ಗುರುತು. ಎರಡರ ನಟ್ಟನಡುವೆ ಡೆಡ್ ಸೆಂಟರ್. ಇದರಲ್ಲಿ ಕೈಗುಣ ಎಲ್ಲಿದೆ ಹೇಳಿ? ಐದನೇ ಕ್ಲಾಸಿನ ಗಣಿತ ಸಾಕು.

ಎಂಜಿನ್ ಓಡಿಸಿದಾಗ ಅದರ ಸದ್ದೇ ಎಲ್ಲಿ ತಪ್ಪಿದೆ ಅಂತ ಹೇಳುತ್ತೆ. ಉದ್ದ ತಪ್ಪಿದ್ದರೆ ಎಂಜಿನ್ ಕುಂಟುತ್ತೆ, ಒಂದು "ಛುಕ್" ಜೋರು, ಇನ್ನೊಂದು ಮೆತ್ತಗೆ. ಕೋನ ತಪ್ಪಿದ್ದರೆ ಎರಡೂ ಸಮ ಇರುತ್ತೆ ಆದರೆ ದಮ್ಮಿರಲ್ಲ, ಇಲ್ಲವೇ ತುದಿಯಲ್ಲಿ ಬಡಿಯುತ್ತೆ, ತೀರಾ ತಪ್ಪಿದ್ದರೆ ಉಲ್ಟಾ ಓಡುತ್ತೆ :-) ಕುಂಟೋ ಎಂಜಿನ್ನಿಗೆ ಕೋನ ತಿರುಗಿಸ್ತಾ ಕೂತರೆ ಬೆಳಗಾಗುತ್ತೆ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿ "ಈಗ ಸರಿಹೋಯ್ತು, ಯಾಕೆ ಅಂತ ಗೊತ್ತಿಲ್ಲ" ಅನ್ನೋದನ್ನು ದಿನಾ ನೋಡ್ತೀವಲ್ಲ!

ಮುಂಡರಗಿ ಕಡೆ ಪಂಪ್‌ಸೆಟ್ ರಿಪೇರಿ ಮಾಡೋ ನಮ್ಮ ಕಾಕಾನಿಗೆ ಊರಲ್ಲಿ ಭಾರೀ ಕೈಗುಣದ ಹೆಸರು. ಒಮ್ಮೆ ಈ ಮಾಡೆಲ್ಲನ್ನು ಅವರ ಮುಂದಿಟ್ಟೆ. ಸ್ಟೀಮ್ ಎಂಜಿನ್ ಅವರು ಬಿಚ್ಚಿದವರೇ ಅಲ್ಲ. ಮುಚ್ಚಳ ತೆಗೆದು, ಎರಡು ಸುತ್ತು ತಿರುಗಿಸಿ, ನೇರ ನಟ್‌ಗೆ ಕೈ ಹಾಕಿದರು. "ಕಾಕಾ, ಮೊದಲ ಅದನ್ಯಾಕ ಮುಟ್ಟಿದ್ರಿ?" ಅಂದೆ. "ಮೊದಲ ಸರಿಸೂದು, ಆಮ್ಯಾಲ ತಿರುಗಿಸೂದು. ಉಲ್ಟಾ ಮಾಡಿದ್ರ ಎರಡೆರಡು ಸರ್ತಿ ಮಾಡಬೇಕಾಕ್ಕೈತಲೇ ತಮ್ಮಾ" ಅಂದರು. ನೋಡಿ, ಮೂವತ್ತು ವರ್ಷದ ಕೈಗುಣ ಅಂತ ಊರು ಅಂದುಕೊಂಡಿದ್ದು ಒಂದೇ ಸಾಲಿನ ವಿಧಾನ. ಅದನ್ನು ಇಷ್ಟು ವರ್ಷ ಯಾರೂ ಅವರನ್ನು ಕೇಳಿರಲಿಲ್ಲ.

ನಾವು ಓದಿದವರು ಏನು ಕಡಿಮೆ ಇಲ್ಲ. ಮೆಕ್ಯಾನಿಕಲ್ ಲ್ಯಾಬ್‌ನಲ್ಲಿ ವಾಲ್ವ್ ಟೈಮಿಂಗ್ ಡಯಾಗ್ರಾಮ್ ಅನ್ನೋ ಪ್ರಯೋಗ ಇರುತ್ತೆ. ಎಂಜಿನ್ ತಿರುಗಿಸಿ, ವಾಲ್ವ್ ಎಲ್ಲಿ ತೆರೆಯಿತು ಎಲ್ಲಿ ಮುಚ್ಚಿತು ಅಂತ ಫ್ಲೈವ್ಹೀಲ್ ಮೇಲೆ ಗುರುತು ಹಾಕಿ, ವೃತ್ತ ಬರೆದು ಸಹಿ ಹಾಕಿಸಿಕೊಂಡರೆ ಮಾರ್ಕ್ಸ್. ಯಾರೋ ಸೆಟ್ ಮಾಡಿಟ್ಟಿದ್ದನ್ನು ಅಳೆದು ಬಂದೆವು, ನಾವೇ ಕೆಡಿಸಿ ನಾವೇ ಸರಿ ಮಾಡಲಿಲ್ಲ. ವರ್ಕ್‌ಶಾಪಿನವರಿಗೆ ವಿಧಾನ ಗೊತ್ತು, ಹೆಸರು ಗೊತ್ತಿಲ್ಲ. ನಮಗೆ ಹೆಸರು ಗೊತ್ತು, ವಿಧಾನ ಗೊತ್ತಿಲ್ಲ.

"ಸ್ಟೀಮೇ ಹೋಯ್ತು, ಇನ್ನು ಎಲೆಕ್ಟ್ರಿಕ್ ಗಾಡಿಗೆ ವಾಲ್ವೇ ಇಲ್ಲ, ಈಗ್ಯಾಕೆ ಇದು?" ಅಂತೀರಿ. ಇದಕ್ಕಿಂತ ಒಳ್ಳೆಯ ಪಾಠದ ಸಾಮಾನು ನನಗೆ ಗೊತ್ತಿಲ್ಲ, ಅದಕ್ಕೆ. ಕಾರಿನ ಎಂಜಿನ್ನಿನಲ್ಲಿ ವಾಲ್ವ್ ಕಾಣಲ್ಲ, ಸಾಫ್ಟ್‌ವೇರಿನಲ್ಲಿ ಏನೂ ಕಾಣಲ್ಲ. ಇಲ್ಲಿ ಎಲ್ಲ ಕಣ್ಣೆದುರಿಗೆ. ಬಾಯ್ಲರಿನ ಅಪಾಯವೂ ಬೇಡ, ಮುಚ್ಚಳ ಹಾಕಿ ಪಂಕ್ಚರ್ ಅಂಗಡಿಯ ಗಾಳಿಯನ್ನು ಹತ್ತು ಹದಿನೈದು ಪೌಂಡಿಗೆ ಇಳಿಸಿ ಕೊಟ್ಟರೆ ಓಡುತ್ತೆ. ಮೈಸೂರಿನ ರೈಲು ಮ್ಯೂಸಿಯಂ (1979), ಹುಬ್ಬಳ್ಳಿಯ ರೈಲು ಮ್ಯೂಸಿಯಂ (2020) ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಪೇಂಟ್ ಹೊಡೆದು ನಿಲ್ಲಿಸಿದ ಎಂಜಿನ್ ಟೈಮಿಂಗ್ ಕಲಿಸಲ್ಲ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರದ ಒಂದೊಂದು ಹೈಸ್ಕೂಲಿನಲ್ಲಿ ಕೆಡಿಸಿ ಸರಿ ಮಾಡಬಹುದಾದ ಒಂದೊಂದು ಪುಟ್ಟ ಎಂಜಿನ್ ಇದ್ದರೆ ಕಲಿಸುತ್ತೆ.

ಇನ್ನೊಂದು ಮಾತು, ಇದು ನಮ್ಮ ಬ್ಲಾಗ್ ಬಳಗಕ್ಕೆ. ಇಂಗ್ಲೆಂಡಿನಲ್ಲಿ 1898ರಿಂದ "ಮಾಡೆಲ್ ಎಂಜಿನಿಯರ್" ಅನ್ನೋ ಪತ್ರಿಕೆ ಇದೆ. ಅದರಲ್ಲಿ 1924ರಿಂದ ದಶಕಗಟ್ಟಲೆ "ಎಲ್.ಬಿ.ಎಸ್.ಸಿ." ಅನ್ನೋ ಹೆಸರಿನಲ್ಲಿ ಒಬ್ಬರು ಪುಟ್ಟ ರೈಲು ಎಂಜಿನ್ ಕಟ್ಟೋದನ್ನು ಮನೆಯಲ್ಲಿ ಚಿಕ್ಕ ಲೇತ್ ಇಟ್ಟುಕೊಂಡ ಸಾಮಾನ್ಯರಿಗಾಗಿ ಹಂತಹಂತವಾಗಿ ಬರೆದರು, ವರ್ಕ್‌ಶಾಪಿನ ಆಡುಮಾತಿನಲ್ಲಿ. ನಮ್ಮಲ್ಲಿ ಕಾರಂತರು 1936ರಲ್ಲೇ "ಬಾಲಪ್ರಪಂಚ" ಕೊಟ್ಟರು. ಯಂತ್ರ ಏನು ಅಂತ ಹೇಳೋ ಕನ್ನಡ ನಮಗಿದೆ. ಅದನ್ನು ಹೇಗೆ ಕೂಡಿಸಬೇಕು ಅಂತ ಹೇಳೋ ಕನ್ನಡ ನನ್ನ ಕಣ್ಣಿಗೆ ಬಿದ್ದದ್ದು ತೀರಾ ಕಡಿಮೆ. ಮೇಲಿನ ನಾಲ್ಕು ಪ್ಯಾರಾ ಬರೆಯೋಕೆ ನನಗೆ ಡಿಕ್ಷನರಿ ಬೇಕಾಗಲಿಲ್ಲ. "ಕವಾಟ" ಅಂತ ಬರೆಯದೆ "ವಾಲ್ವ್" ಅಂತ ಬರೆದರೆ ಸಾಕು, ಉಳಿದದ್ದೆಲ್ಲ ಸರಿಸು, ತಿರುಗಿಸು, ಬಿಗಿ, ಸಡಿಲ, ಅರ್ಧ, ಸಮ. ಈ ಮಾತುಗಳು ಯಾರಿಗೆ ಗೊತ್ತಿಲ್ಲ?

ಕೈಗೆ ಬೆಲೆ ಇಲ್ಲ ಅಂತ ನಾನು ಹೇಳ್ತಿಲ್ಲ. ಗ್ರಬ್ ಸ್ಕ್ರೂ ಎಷ್ಟು ಬಿಗಿದರೆ ಹಿಡಿಯುತ್ತೆ, ಎಷ್ಟಕ್ಕೆ ಥ್ರೆಡ್ ಹೋಗುತ್ತೆ ಅನ್ನೋದು ಕೈಗೇ ಗೊತ್ತು. ಆದರೆ ಅದು ಕೆಲಸದ ಕೊನೇ ಪಾಲು. ಉಳಿದದ್ದು ವಿಧಾನ, ಮತ್ತು ವಿಧಾನವನ್ನು ಬರೆದಿಡಬಹುದು. ನೀವು ಮುಂದಿನ ಸಲ ಊರಿಗೆ ಹೋದಾಗ ನಿಮ್ಮೂರ ಮಿಸ್ತ್ರಿಯನ್ನೋ ನೇಕಾರರನ್ನೋ ಹೊಗಳಿ ಸುಮ್ಮನಾಗಬೇಡಿ. "ಮೊದಲು ಯಾವುದನ್ನು ಮುಟ್ಟುತ್ತೀರಿ? ಅದನ್ನೇ ಯಾಕೆ?" ಅಂತ ಎರಡು ಪ್ರಶ್ನೆ ಕೇಳಿ. ಉತ್ತರ ಸಿಕ್ಕಿದರೆ ನಿಮ್ಮ ಬ್ಲಾಗಿನಲ್ಲಿ ಹಾಕಿ, ಇಲ್ಲಿ ಒಂದು ಕಾಮೆಂಟ್ ಹಾಕಿ ತಿಳಿಸಿ. ಓದೋಕೆ ನಾನಂತೂ ಕಾಯ್ತಿರ್ತೀನಿ.