ಹದಿನಾಲ್ಕೇ ಟೆಸ್ಟಿನ ಕ್ಯಾಪ್ಟನ್

ಉಪ್ಪಿನಬೆಟಗೇರಿಯಲ್ಲಿ ಧಾರವಾಡ ಬಸ್ಸಿಗೆ ಕಾಯುವ ಮಂದಿಯ ನಡುವೆ ಆಸ್ಟ್ರೇಲಿಯಾ ಪಂದ್ಯದ ಮಾತು ಎದ್ದಿತೆಂದರೆ ಮುಗೀತು, ಕೇಳಬ್ಯಾಡ್ರಿ! ದೊಡ್ಡ ಕ್ಯಾಪ್ಟನ್ ಯಾರು ಎಂದರೆ ರಿಕಿ ಪಾಂಟಿಂಗ್ ಹೆಸರು ಬಂದೇ ಬರುತ್ತದೆ. 77 ಟೆಸ್ಟ್‌ಗಳ ನಾಯಕತ್ವ, 48 ಗೆಲುವು. ಅದೇ ಕಟ್ಟೆಯ ಮೇಲೆ ನಮ್ಮ ಅನಿಲ್ ಕುಂಬ್ಳೆಯವರ ಹೆಸರು ಯಾರೂ ಎತ್ತುವುದಿಲ್ಲ. ಎತ್ತುವುದಾದರೂ ಹ್ಯಾಂಗ? 14 ಟೆಸ್ಟ್, 3 ಗೆಲುವು, 5 ಸೋಲು. ವ್ಯಾಪಾರಸ್ಥರ ಲೆಕ್ಕದಲ್ಲಿ ಇದು ಲುಕ್ಸಾನೇ ಸರಿ.

ಆದರೆ ಈ ಲೆಕ್ಕವನ್ನು ಇನ್ನೊಮ್ಮೆ ತಿರುವಿ ನೋಡಬೇಕು.

ಕಾಸರಗೋಡಿನ ಕಡೆಯ ಕುಂಬಳೆ ಊರಿನ ಹೆಸರು ಹೊತ್ತ ಬೆಂಗಳೂರಿನ ಈ ಇಂಜಿನಿಯರ್ ಟೆಸ್ಟ್ ಆಡಲು ಶುರು ಮಾಡಿದ್ದು 1990ರಲ್ಲಿ. ಪಟ್ಟ ಸಿಕ್ಕಿದ್ದು 2007ರ ನವೆಂಬರ್‌ನಲ್ಲಿ, 37ರ ವಯಸ್ಸಿಗೆ. ಅದೂ ದ್ರಾವಿಡ್ ಬಿಟ್ಟು, ತೆಂಡೂಲ್ಕರ್ ಒಲ್ಲೆ ಎಂದ ಮೇಲೆ. ಬೇಡಿ, ಕಪಿಲ್‌ರಂಥ ಕೆಲವರನ್ನು ಬಿಟ್ಟರೆ ಬೌಲರನಿಗೆ ಯಜಮಾನಿಕೆ ಕೊಡುವ ರೂಢಿ ನಮ್ಮಲ್ಲಿ ಕಡಿಮೆ. ನೇಗಿಲು ಎಳೆಯುವುದು ಎತ್ತು, ಬಾರುಕೋಲು ಬೇರೆಯವರ ಕೈಯಲ್ಲಿ!

ಎರಡು ತಿಂಗಳೊಳಗೇ ಸಿಡ್ನಿ ಬಂತು. 2008ರ ಜನವರಿಯ ಆ ಟೆಸ್ಟಿನಲ್ಲಿ ಬ್ಯಾಟಿಗೆ ತಾಗಿದ್ದ ಚೆಂಡು ವಿಕೆಟ್ ಕೀಪರ್ ಕೈ ಸೇರಿದರೂ ಸೈಮಂಡ್ಸ್ ಔಟಾಗಲಿಲ್ಲ. ಆಗ ಅವರ ರನ್ 30, ಕೊನೆಗೆ ಅಜೇಯ 162. ಸರಣಿಗೆ ಮೊದಲೇ ಕುಂಬ್ಳೆ-ಪಾಂಟಿಂಗ್ ನಡುವೆ ಒಂದು ಬಾಯಿಮಾತಿನ ಕರಾರಾಗಿತ್ತು: ಕ್ಯಾಚ್ ಬಗ್ಗೆ ಹಿಡಿದವನ ಮಾತೇ ಖರೆ. ಕೊನೆಯ ದಿನ ಗಂಗೂಲಿ ಕ್ಯಾಚಿನಲ್ಲಿ ಆ ಮಾತೇ ತಂಟೆಯಾಯಿತು. ಉದ್ರಿ ಕೊಟ್ಟ ಅಂಗಡಿಕಾರರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ದಿನದಾಟ ಮುಗಿಯಲು ಕೆಲವೇ ನಿಮಿಷ ಉಳಿದಾಗ ಕ್ಲಾರ್ಕ್ ಒಂದೇ ಓವರಿನಲ್ಲಿ ಮೂರು ವಿಕೆಟ್ ಕಿತ್ತರು. ಕುಂಬ್ಳೆ 45 ರನ್ ಮಾಡಿ ಔಟಾಗದೇ ಉಳಿದಿದ್ದರು.

ಎರಡು ತಂಡಗಳಲ್ಲಿ ಆಟದ ಧರ್ಮ ಪಾಲಿಸಿದ್ದು ಒಂದೇ ತಂಡ ಎಂದು ಕುಂಬ್ಳೆ ಆ ಸಂಜೆ ಪತ್ರಕರ್ತರೆದುರು ಹೇಳಿದರು. 1933ರಲ್ಲಿ ಇಂಗ್ಲೆಂಡಿನ ಮೇಲೆ ಇಂಥದೇ ಮಾತಾಡಿದವರು ಆಸ್ಟ್ರೇಲಿಯಾದ ಕ್ಯಾಪ್ಟನ್ ಬಿಲ್ ವುಡ್‌ಫುಲ್. ಅವರ ಮನೆಯ ಮಾತು ಅವರ ಬಾಗಿಲಿಗೇ ಹೋಗಿ ಮುಟ್ಟಿತು.

ಇತ್ತ ದೇಶದಲ್ಲಿ ಗುಲ್ಲೋ ಗುಲ್ಲು. ಹರಭಜನ್ ಮೇಲೆ ಮೂರು ಟೆಸ್ಟ್‌ಗಳ ನಿಷೇಧ, ತಂಡ ವಾಪಸು ಬರಲಿ ಎಂಬ ಕೂಗು. ಇಂಥ ಹೊತ್ತಿನಲ್ಲಿ ಬ್ರಾಡ್ ಹಾಗ್ ಮೇಲಿನ ಬೈಗುಳದ ದೂರನ್ನು ಕುಂಬ್ಳೆ ಹಿಂತೆಗೆದುಕೊಂಡರು. ಮೆತ್ತಗಾದರು ಎಂದವರಿಗೇನೂ ಕೊರತೆ ಇರಲಿಲ್ಲ. ವಾಸ್ತವದಲ್ಲಿ ಜಗಳವನ್ನು ಚಾವಡಿಯಿಂದ ಮೈದಾನಕ್ಕೆ ತಂದದ್ದು ಅದೇ ನಡೆ. ಕ್ಯಾಚಿನ ಕರಾರನ್ನು ಮಾತ್ರ ಅಲ್ಲಿಗೇ ಹರಿದರು. ಮೋಸ ಹೋದ ಮೇಲೆ ಮತ್ತೆ ಉದ್ರಿ ಎಲ್ಲಿಯದು?

ಮುಂದಿನ ಟೆಸ್ಟ್ ಪರ್ತ್, ವೇಗದ ಬೌಲರುಗಳ ಕೋಟೆ. ಸತತ 16 ಟೆಸ್ಟ್ ಗೆದ್ದಿದ್ದ ಆಸ್ಟ್ರೇಲಿಯಾ ಅಲ್ಲಿ 72 ರನ್ನುಗಳಿಂದ ಸೋತಿತು. ಕುಂಬ್ಳೆಯವರ 600ನೇ ವಿಕೆಟ್ ಬಿದ್ದದ್ದೂ ಅಲ್ಲಿಯೇ. ಯಾರದು ಗೊತ್ತೇನು? ಅದೇ ಸೈಮಂಡ್ಸ್! ಕ್ಯಾಚ್ ಹಿಡಿದವರು ದ್ರಾವಿಡ್. ಸರಣಿ 2-1ರಿಂದ ಕೈಬಿಟ್ಟಿತು, ಆ ಮಾತು ಬೇರೆ.

ಅದೇ ವರ್ಷ ನವೆಂಬರ್ 2ರಂದು ದಿಲ್ಲಿಯಲ್ಲಿ, ಕೈಬೆರಳಿಗೆ ಹೊಲಿಗೆ ಹಾಕಿಸಿಕೊಂಡಿದ್ದ ಕುಂಬ್ಳೆ 619 ವಿಕೆಟ್‌ಗಳೊಂದಿಗೆ ನಿವೃತ್ತಿ ಸಾರಿದರು. ಮುಂದೆ ನಾಗಪುರದಲ್ಲಿ ಧೋನಿ ಆ ಸರಣಿಯನ್ನು 2-0ಯಿಂದ ಮುಗಿಸಿ, ಪಾಂಟಿಂಗ್ ತಂಡದಿಂದ ಕಿತ್ತ ಟ್ರೋಫಿ ಹಿಡಿಯಲು ಕುಂಬ್ಳೆಯವರನ್ನೂ ಕರೆದರು.