ಗಾಲ್ಫ್ ಸಂಘಕ್ಕೆ ವಂತಿಗೆ ಕೊಡಬೇಕೆ?

1894ರಲ್ಲಿ ಅಮೆರಿಕಕ್ಕೆ ಒಂದೇ ವರ್ಷ ಇಬ್ಬರು ರಾಷ್ಟ್ರೀಯ ಗಾಲ್ಫ್ ಚಾಂಪಿಯನ್ನರು ಸಿಕ್ಕಿದರು. ಸೆಪ್ಟೆಂಬರಿನಲ್ಲಿ ನ್ಯೂಪೋರ್ಟ್ ಕ್ಲಬ್ಬು ಒಂದು ಪಂದ್ಯ ನಡೆಸಿ, ಗೆದ್ದವನೇ ದೇಶಕ್ಕೆ ಮೊದಲಿಗ ಎಂದು ಸಾರಿತು. ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಬಳಿಯ ಸೇಂಟ್ ಆಂಡ್ರೂಸ್ ಕ್ಲಬ್ಬು ಇನ್ನೊಂದು ಪಂದ್ಯ ನಡೆಸಿ ಇನ್ನೊಬ್ಬನಿಗೆ ಕಿರೀಟ ತೊಡಿಸಿತು. ಎರಡರಲ್ಲೂ ಕೊನೆಯ ಗಳಿಗೆಯಲ್ಲಿ ಸೋತವರು ಒಬ್ಬರೇ, ಷಿಕಾಗೋದ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್. ಮೊದಲ ಪಂದ್ಯದಲ್ಲಿ ಅವರು ಒಂದೇ ಹೊಡೆತದಿಂದ ಸೋತರು. ಮೈದಾನದಲ್ಲಿದ್ದ ಕಲ್ಲಿನ ಗೋಡೆಯನ್ನು ಆಟದ ಅಡೆತಡೆಯೆಂದು ಲೆಕ್ಕ ಹಿಡಿದದ್ದೇ ತಪ್ಪು ಎಂದು ಅವರು ತಗಾದೆ ತೆಗೆದರು. ಎರಡನೆಯದನ್ನೂ ರಾಷ್ಟ್ರೀಯ ಪಂದ್ಯವೆಂದು ಒಪ್ಪಲಿಲ್ಲ.

ಸೋತವರ ಗೊಣಗಾಟವನ್ನು ಸಾಮಾನ್ಯವಾಗಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಈ ಗೊಣಗಾಟದಲ್ಲಿ ಹುರುಳಿತ್ತು. ಗೋಡೆ ಅಡೆತಡೆಯೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ಅದೇ ಡಿಸೆಂಬರ್ 22ರಂದು ಐದು ಕ್ಲಬ್ಬುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಒಂದು ಸಂಘ ಕಟ್ಟಿದರು. ಇಂದು ಯುನೈಟೆಡ್ ಸ್ಟೇಟ್ಸ್ ಗಾಲ್ಫ್ ಅಸೋಸಿಯೇಷನ್, ಅಂದರೆ ಯುಎಸ್‌ಜಿಎ, ಎನಿಸಿಕೊಂಡಿರುವುದು ಅದೇ. ಮರುವರ್ಷ ಸಂಘದ ಮೊದಲ ಹವ್ಯಾಸಿ ಚಾಂಪಿಯನ್‌ಷಿಪ್ ನ್ಯೂಪೋರ್ಟಿನಲ್ಲೇ ನಡೆಯಿತು. ಗೆದ್ದವರು ಮ್ಯಾಕ್‌ಡೊನಾಲ್ಡ್! ಆಮೇಲೆ ಅವರ ತಕರಾರು ಕೇಳಿಬರಲಿಲ್ಲ ಎನ್ನಿ.

ಕಟ್ಟಿದ್ದು ಕ್ಲಬ್ಬುಗಳು, ಸದಸ್ಯರಾಗಿದ್ದದ್ದೂ ಕ್ಲಬ್ಬುಗಳೇ. ಭಾನುವಾರ ಬೆಳಿಗ್ಗೆ ಸ್ನೇಹಿತರೊಡನೆ ಚೆಂಡು ಬಾರಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಸಾಮಾನ್ಯ ಆಟಗಾರನಿಗೆ ಈ ಸಂಘ ಬಾಗಿಲು ತೆರೆದದ್ದು 1975ರಲ್ಲಿ. ಆ ಸದಸ್ಯತ್ವ ಯೋಜನೆಯ ಮುಖವಾಗಿ ನಿಂತವರು ಅಮೆರಿಕದ ಮನೆಮಾತಾಗಿದ್ದ ಆರ್ನಾಲ್ಡ್ ಪಾಮರ್. ವರ್ಷಕ್ಕಿಷ್ಟು ವಂತಿಗೆ ಕೊಟ್ಟರೆ ಟೋಪಿ, ಆಟದ ಚೀಲಕ್ಕೆ ಕಟ್ಟುವ ಬಿಲ್ಲೆ, ನಿಯಮಗಳ ಪುಸ್ತಕ ಇಂಥವು ಮನೆಗೆ ಬರುತ್ತವೆ. ಇಷ್ಟಕ್ಕಾಗಿ ಸದಸ್ಯನಾಗಬೇಕೆ ಎಂಬ ಪ್ರಶ್ನೆ ಅಂದಿನಿಂದಲೂ ಇದೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೆಲಸ ಹಿಡಿದು, ಸಹೋದ್ಯೋಗಿಗಳ ಒತ್ತಾಯಕ್ಕೆ ಗಾಲ್ಫ್ ಕಲಿತ ಕನ್ನಡಿಗರಿಗೂ ಈ ಪ್ರಶ್ನೆ ಎದುರಾಗುತ್ತದೆ.

ಟೋಪಿಯ ಮಾತು ಬಿಡಿ, ಅದು ಅಂಗಡಿಯಲ್ಲೂ ಸಿಗುತ್ತದೆ. ನಿಯಮಗಳನ್ನು ಇಂದು ದುಡ್ಡು ಕೊಡದೆಯೇ ಓದಬಹುದು. 2019ರಲ್ಲಿ ಅವನ್ನು 34ರಿಂದ 24ಕ್ಕೆ ಇಳಿಸಿ ಸರಳಗೊಳಿಸಿದ್ದಾರೆ. ಕಳೆದ ಚೆಂಡನ್ನು ಐದು ನಿಮಿಷ ಹುಡುಕಬಹುದಾಗಿದ್ದದ್ದು ಮೂರೇ ನಿಮಿಷಕ್ಕೆ ಬಂದಿದೆ. ನಿಜವಾಗಿ ತೂಗಿ ನೋಡಬೇಕಾದದ್ದು ಬೇರೆ ಮೂರು ಸಂಗತಿಗಳಿವೆ.

ಮೊದಲನೆಯದು ಹ್ಯಾಂಡಿಕ್ಯಾಪ್. ಅಳೆಯುವ ವಿದ್ಯೆಯಲ್ಲಿ ಆಸಕ್ತಿ ಇರುವವರು ಇದನ್ನು ಒಮ್ಮೆ ನೋಡಲೇಬೇಕು. ನುರಿತವನೂ ಹೊಸಬನೂ ಸರಿಸಮನಾಗಿ ಸೆಣಸಲು ಗಾಲ್ಫಿನಷ್ಟು ಚೆನ್ನಾಗಿ ಅನುವು ಮಾಡಿಕೊಡುವ ಆಟ ಇನ್ನೊಂದಿಲ್ಲ. ದುರ್ಬಲನಿಗೆ ಇಷ್ಟು ಹೊಡೆತ ಎಂದು ಮೊದಲೇ ರಿಯಾಯಿತಿ ಕೊಡುತ್ತಾರೆ. ಎಷ್ಟು ಎಂಬುದೇ ಲೆಕ್ಕ. ಹಳೆಯ ಕಾಲದಲ್ಲಿ ಮೈದಾನದ ಕಷ್ಟವನ್ನು ಅತ್ಯುತ್ತಮ ಆಟಗಾರನ ದೃಷ್ಟಿಯಿಂದ ಮಾತ್ರ ಅಳೆಯುತ್ತಿದ್ದರು. ಆದರೆ ಕೊಳ, ಮರಳುಗುಂಡಿ, ಉದ್ದ ಹುಲ್ಲು ತುಂಬಿದ ಮೈದಾನದಲ್ಲಿ ಗಟ್ಟಿಗನಿಗೆ ಎರಡು ಹೊಡೆತ ಹೆಚ್ಚಾದರೆ ಸಾಮಾನ್ಯನಿಗೆ ಹತ್ತು ಹೆಚ್ಚಾಗುತ್ತವೆ. ಈ ಅಂತರವನ್ನು ಹೇಳುವ ಸಂಖ್ಯೆಗೆ 'ಸ್ಲೋಪ್' ಎಂದು ಹೆಸರು. ಅದು 55ರಿಂದ 155ರವರೆಗೆ ಇರಬಹುದು. ಮಧ್ಯಮ ಕಷ್ಟದ ಮೈದಾನಕ್ಕೆ 113. 1980ರ ದಶಕದಲ್ಲಿ ಯುಎಸ್‌ಜಿಎ ಇದನ್ನು ಅಮೆರಿಕದಾದ್ಯಂತ ಜಾರಿಗೆ ತಂದಿತು.

ಒಂದು ಲೆಕ್ಕ ಮಾಡಿ ನೋಡಿ. ಮೈದಾನದ ರೇಟಿಂಗ್ 71.2, ಸ್ಲೋಪ್ 125. ನೀವು 95 ಹೊಡೆತಗಳಲ್ಲಿ ಆಟ ಮುಗಿಸಿದಿರಿ. 95ರಿಂದ 71.2 ಕಳೆದರೆ 23.8. ಅದನ್ನು 113ರಿಂದ ಗುಣಿಸಿ 125ರಿಂದ ಭಾಗಿಸಿದರೆ 21.5. ಇಂಥ 20 ಆಟಗಳಲ್ಲಿ ಅತ್ಯುತ್ತಮವಾದ ಎಂಟನ್ನು ಆರಿಸಿ ಸರಾಸರಿ ತೆಗೆದರೆ ಅದೇ ನಿಮ್ಮ ಹ್ಯಾಂಡಿಕ್ಯಾಪ್ ಸೂಚ್ಯಂಕ. ಇಪ್ಪತ್ತನ್ನೂ ಏಕೆ ಸೇರಿಸುವುದಿಲ್ಲ ಎಂದರೆ, ಸೂಚ್ಯಂಕ ಹೇಳಬೇಕಾದದ್ದು ನಿಮ್ಮ ಸಾಮರ್ಥ್ಯವನ್ನು. ಹಿಂದಿನ ರಾತ್ರಿ ನಿದ್ದೆಗೆಟ್ಟು ಆಡಿದ ಆಟವನ್ನಲ್ಲ. 2020ರಲ್ಲಿ ಜಗತ್ತಿನ ಆರು ಬೇರೆ ಬೇರೆ ಪದ್ಧತಿಗಳನ್ನು ಒಂದುಗೂಡಿಸಿದಾಗ ಬಳಕೆಗೆ ಬಂದದ್ದು ಈ ಕ್ರಮವೇ. ಬೆಂಗಳೂರಿನಲ್ಲಿ ಪಡೆದ ಸಂಖ್ಯೆಗೆ ಬೋಸ್ಟನ್ನಿನಲ್ಲೂ ಅದೇ ಅರ್ಥ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಅಧಿಕೃತ ಸೂಚ್ಯಂಕ ಬೇಕೆಂದರೆ ಅಮೆರಿಕದಲ್ಲಿ ಸೇರಬೇಕಾದದ್ದು ಊರಿನ ಒಂದು ಕ್ಲಬ್ಬಿಗೆ ಅಥವಾ ರಾಜ್ಯದ ಸಂಘಕ್ಕೆ. ಸ್ವಂತ ಮೈದಾನವಿಲ್ಲದ, ಕಾಗದದ ಮೇಲಷ್ಟೇ ಇರುವ ಕ್ಲಬ್ಬಾದರೂ ಸಾಕು. ಟೋಪಿ ಕಳಿಸುವ ನೇರ ಸದಸ್ಯತ್ವವೇ ಬೇರೆ, ಸೂಚ್ಯಂಕ ಕೊಡುವ ಸದಸ್ಯತ್ವವೇ ಬೇರೆ. ಅಮೆರಿಕದಲ್ಲಿ ಮೈದಾನಕ್ಕಿಳಿದು ಆಡುವವರು ಎರಡೂವರೆ ಕೋಟಿಗೂ ಹೆಚ್ಚು. ಅಧಿಕೃತ ಸೂಚ್ಯಂಕ ಇಟ್ಟುಕೊಂಡವರು 30 ಲಕ್ಷ ಚಿಲ್ಲರೆ. ಉಳಿದವರೆಲ್ಲ ತಮ್ಮ ತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಆಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಪರಿಚಿತರೊಡನೆ ಪಂದ್ಯ ಆಡುವವರು, ಈ ವರ್ಷ ತಾನು ಸುಧಾರಿಸಿದ್ದೇನೆಯೇ ಎಂದು ತಿಳಿಯಬಯಸುವವರು ಈ ಸಣ್ಣ ವಂತಿಗೆಗೆ ಹಿಂದೆ ಮುಂದೆ ನೋಡಬೇಕಾಗಿಲ್ಲ.

ಎರಡನೆಯದು ಹುಲ್ಲು. ನಗಬೇಡಿ. 1920ರಿಂದಲೂ ಸಂಘದಲ್ಲಿ ಹುಲ್ಲಿನ ಸಂಶೋಧನೆಗೇ ಒಂದು ವಿಭಾಗವಿದೆ. 1935ರ ಯು.ಎಸ್. ಓಪನ್ ನೋಡಲು ಹೋದ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಹವ್ಯಾಸಿ ಆಟಗಾರರು, ಗುಂಡಿಯ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ ಚೆಂಡು ಎಷ್ಟು ವೇಗವಾಗಿ ಉರುಳುತ್ತದೆಂದು ಅಳೆಯಲು ಮರದ ಒಂದು ಓಡುಕಾಲುವೆ ಮಾಡಿದರು. 1970ರ ದಶಕದಲ್ಲಿ ಸಂಘ ಅದನ್ನು ಅಲ್ಯೂಮಿನಿಯಂನಲ್ಲಿ ತಿದ್ದಿ ತಯಾರಿಸಿತು. ಮೂರಡಿ ಉದ್ದದ ಪಟ್ಟಿ. ಅದರ ಕಚ್ಚಿನಲ್ಲಿ ಚೆಂಡಿಟ್ಟು ಒಂದು ತುದಿ ಮೆಲ್ಲಗೆ ಎತ್ತಿದರೆ ಸುಮಾರು 20 ಡಿಗ್ರಿ ಕೋನದಲ್ಲಿ ಚೆಂಡು ತಾನಾಗಿ ಕಳಚಿಕೊಳ್ಳುತ್ತದೆ. ಎಷ್ಟು ಅಡಿ ಉರುಳಿತೋ ಅದೇ ಹುಲ್ಲಿನ ವೇಗ. ಹೈಸ್ಕೂಲಿನ ಇಳಿಜಾರು ಹಲಗೆಯ ಪ್ರಯೋಗವೇ ಇದು. ಇದರ ಫಲ ಸದಸ್ಯನಿಗೂ ಸಿಗುತ್ತದೆ, ಸದಸ್ಯನಲ್ಲದವನಿಗೂ ಸಿಗುತ್ತದೆ. ಹಾಗಾಗಿ ಸದಸ್ಯತ್ವಕ್ಕೆ ಇದು ಕಾರಣವಾಗುತ್ತದೆಯೋ ಇಲ್ಲವೋ ಎಂಬುದು ಅವರವರ ಧಾರಾಳತನಕ್ಕೆ ಬಿಟ್ಟದ್ದು.

ಮೂರನೆಯದೇ ಕಗ್ಗಂಟು: ಚೆಂಡು ಮತ್ತು ಕೋಲು. (ಗಾಲ್ಫಿನಲ್ಲಿ ಹೊಡೆಯುವ ಕೋಲಿಗೂ ಕ್ಲಬ್ಬು, ಸೇರುವ ಸಂಘಕ್ಕೂ ಕ್ಲಬ್ಬು. ಇಲ್ಲಿ ಕೋಲು ಎಂದೇ ಇಟ್ಟುಕೊಳ್ಳೋಣ.) ಚೆಂಡಿನ ತೂಕ 45.93 ಗ್ರಾಂ ಮೀರಕೂಡದು, ವ್ಯಾಸ 42.67 ಮಿಲಿಮೀಟರಿಗೆ ಕಡಿಮೆ ಇರಕೂಡದು. ಅಮೆರಿಕ ಮತ್ತು ಮೆಕ್ಸಿಕೊದಲ್ಲಿ ನಿಯಮ ಯುಎಸ್‌ಜಿಎದ್ದು. ಭಾರತವೂ ಸೇರಿ ಉಳಿದ ಲೋಕಕ್ಕೆ ಸ್ಕಾಟ್ಲೆಂಡಿನ ಆರ್ ಅಂಡ್ ಎ ಸಂಸ್ಥೆಯದು. ಇಬ್ಬರು ಯಜಮಾನರಿದ್ದರೆ ಏನಾಗುತ್ತದೆ? 1990ರವರೆಗೆ ಆರ್ ಅಂಡ್ ಎ ಸೀಮೆಯಲ್ಲಿ ಇನ್ನೂ ಸಣ್ಣ ಚೆಂಡಿಗೂ ಅವಕಾಶವಿತ್ತು!

2000ದಲ್ಲಿ ಕ್ಯಾಲವೇ ಕಂಪನಿ ಇಆರ್‌ಸಿ-2 ಎಂಬ ಕೋಲನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಅದರ ತೆಳುವಾದ ಲೋಹದ ಮುಖ ಚೆಂಡು ತಗುಲಿದಾಗ ಒಳಕ್ಕೆ ಬಾಗಿ, ಸ್ಪ್ರಿಂಗಿನಂತೆ ಮತ್ತೆ ಹೊರಕ್ಕೆ ಚಿಮ್ಮುತ್ತಿತ್ತು. ಯುಎಸ್‌ಜಿಎ ಇದು ಮಿತಿ ಮೀರಿದೆ ಎಂದಿತು. ಆರ್ ಅಂಡ್ ಎ ಆಗ ನಿಷೇಧಿಸಲಿಲ್ಲ. ಕಂಪನಿಯ ಪರವಾಗಿ, ಮೋಜಿಗಾಗಿ ಆಡುವವನು ಇಂಥ ಕೋಲು ಬಳಸಿದರೆ ತಪ್ಪೇನು ಎಂದವರು ಯಾರು ಗೊತ್ತೆ? ಸಂಘದ ಸದಸ್ಯತ್ವದ ಮುಖವಾಗಿದ್ದ ಅದೇ ಆರ್ನಾಲ್ಡ್ ಪಾಮರ್. ದೊಡ್ಡ ಗದ್ದಲವೇ ಎದ್ದಿತು. 2008ರ ಹೊತ್ತಿಗೆ ಎರಡೂ ಸಂಸ್ಥೆಗಳು ಒಂದೇ ಮಿತಿಗೆ ಬಂದವು, ಆ ಕೋಲು ಎಲ್ಲೆಡೆಯೂ ಹೊರಗುಳಿಯಿತು. ಆದರೆ ಪಾಮರ್ ಎತ್ತಿದ ಪ್ರಶ್ನೆ ಹೊರಗುಳಿಯಲಿಲ್ಲ.

2023ರ ಡಿಸೆಂಬರಿನಲ್ಲಿ ಎರಡೂ ಸಂಸ್ಥೆಗಳು ಕೂಡಿ ಚೆಂಡಿನ ಪರೀಕ್ಷೆಯನ್ನು ಬಿಗಿಗೊಳಿಸುವುದಾಗಿ ಪ್ರಕಟಿಸಿದವು. ಈವರೆಗೆ ಯಂತ್ರದ ಕೋಲನ್ನು ಗಂಟೆಗೆ 120 ಮೈಲಿ ವೇಗದಲ್ಲಿ ಬೀಸಿ ನೋಡುತ್ತಿದ್ದರು. ಚೆಂಡು 317 ಗಜ, ಮೇಲೆ 3 ಗಜದ ವಿನಾಯಿತಿ, ಇದಕ್ಕಿಂತ ಆಚೆ ಹೋಗಬಾರದು. ಹೊಸ ಪರೀಕ್ಷೆಯಲ್ಲಿ ಮಿತಿ ಅದೇ, ಬೀಸುವ ವೇಗ 125 ಮೈಲಿ. ಪ್ರಶ್ನೆಪತ್ರಿಕೆ ಕಠಿಣ ಮಾಡಿ ಪಾಸಿನ ಅಂಕ ಹಾಗೇ ಉಳಿಸಿದಂತೆ. ಅಂದರೆ ಇಂದಿನ ಅನೇಕ ಚೆಂಡುಗಳು ಫೇಲು. ಅತಿ ದೂರ ಹೊಡೆಯುವ ವೃತ್ತಿಪರರಿಗೆ 13ರಿಂದ 15 ಗಜ ನಷ್ಟ, ಸಾಮಾನ್ಯ ಹವ್ಯಾಸಿಗೆ 5 ಗಜ ಅಥವಾ ಅದಕ್ಕೂ ಕಡಿಮೆ ಎಂದು ಸಂಸ್ಥೆಗಳ ಅಂದಾಜು. ಹವ್ಯಾಸಿಗಳಿಗೆ 2030ರಿಂದ ಅನ್ವಯ ಎಂದು ಆಗ ಸಾರಿದರು.

ಉದ್ದೇಶ ಸರಿಯಾದದ್ದೇ. ಚೆಂಡು ದೂರ ಹೋದಷ್ಟೂ ಮೈದಾನ ಹಿಗ್ಗಬೇಕು. ನೆಲ, ನೀರು, ಗೊಬ್ಬರ ಎಲ್ಲವೂ ಹೆಚ್ಚು ಬೇಕು. ಆದರೆ ಈ ರೋಗ ತಗುಲಿರುವುದು ಮೇಲಿನ ಕೆಲವೇ ಮಂದಿಗೆ, ಔಷಧಿ ಮಾತ್ರ ಎಲ್ಲರಿಗೂ. ಭಾನುವಾರದ ಆಟಗಾರನ ಚೆಂಡಿನಿಂದ ಯಾವ ಮೈದಾನವೂ ಚಿಕ್ಕದಾಗಿಲ್ಲ. ಅವನ ಅಭಿಪ್ರಾಯಕ್ಕೆ ಬೆಲೆ ಎಲ್ಲಿದೆ? ವಂತಿಗೆ ಕೊಟ್ಟ ವ್ಯಕ್ತಿಗೆ ಸಂಘದಲ್ಲಿ ಮತವಿಲ್ಲ. 1894ರಲ್ಲಿ ಇದ್ದಂತೆ ಇಂದೂ ಮತ ಇರುವುದು ಕ್ಲಬ್ಬುಗಳಿಗೆ. ಸಂಘದ ಆದಾಯದ ದೊಡ್ಡ ಪಾಲು ಬರುವುದು ಯು.ಎಸ್. ಓಪನ್ ಪಂದ್ಯದಿಂದ, ಅದರಲ್ಲೂ ಟೆಲಿವಿಷನ್ ಹಕ್ಕುಗಳಿಂದ. ಬಿಡಿ ಸದಸ್ಯರ ವಂತಿಗೆಯಿಂದ ಅದು ನಡೆಯುತ್ತಿಲ್ಲ. ಆದ್ದರಿಂದ ಸೇರಿ ಒಳಗಿನಿಂದ ತಿದ್ದುತ್ತೇನೆ ಎನ್ನುವವನಿಗೂ, ಸೇರದೆ ಪ್ರತಿಭಟಿಸುತ್ತೇನೆ ಎನ್ನುವವನಿಗೂ ಸಂಘದಲ್ಲಿ ಸಮಾನ ಬಲ: ಸೊನ್ನೆ.

ಕರ್ನಾಟಕದ ಹವ್ಯಾಸಿಗೆ ಈ ತೊಡಕು ಇಷ್ಟು ನೇರವಾಗಿ ಬರುವುದಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು, ಇಂಡಿಯನ್ ಗಾಲ್ಫ್ ಯೂನಿಯನ್ ಹುಟ್ಟಿದ್ದು 1955ರಲ್ಲಿ. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದಾಗ ಹ್ಯಾಂಡಿಕ್ಯಾಪ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಗಾಲ್ಫ್ ನೋಡಿದರು. ಆದರೆ 2030 ಬಂದಾಗ ಇಲ್ಲಿನ ಅಂಗಡಿಗೂ ಬರುವುದು ಹೊಸ ಚೆಂಡೇ.

ಅಮೆರಿಕದ ಭಾನುವಾರದ ಆಟಗಾರ ಊರಿನ ಸಂಘಕ್ಕೆ ವಂತಿಗೆ ಕಟ್ಟಿ ಸೂಚ್ಯಂಕ ಪಡೆಯಲಿ. ಅಲ್ಲಿ ಕೊಟ್ಟ ದುಡ್ಡಿಗೆ ಪ್ರತಿಫಲವಿದೆ. ಯುಎಸ್‌ಜಿಎಯ ನೇರ ಸದಸ್ಯತ್ವವನ್ನು ದೇಣಿಗೆ ಎಂದು ತಿಳಿದು, ಹುಲ್ಲಿನ ಸಂಶೋಧನೆಗೆ ಹೋಗಲಿ ಎಂಬ ಮನಸ್ಸಿದ್ದರೆ ಕೊಡಲಿ. ಮತದ ಹಕ್ಕು ಕೊಡುವವರೆಗೆ ಅದನ್ನು ಸದಸ್ಯತ್ವ ಎಂದು ಕರೆಯುವುದು ಮಾತ್ರ ಕಷ್ಟ.